ಒಗ್ಗದುದನ್ನು ಒಗ್ಗಿಸುವ ಸೂಜಿ

ಅಲರ್ಜಿ ಎಂಬ ಶಬ್ದವು ಇಂದು ನಮ್ಮ ಹಳ್ಳಿಗಳಲ್ಲಿಯೂ ಮನೆಮಾತಾಗಿದೆ. ವಲಾಂಡಿಯಂತಹ ಗಡಿಯೂರಿನಲ್ಲಿ ಕನ್ನಡವನ್ನಾಡುವವರೂ ಮರಾಠಿಯನ್ನಾಡುವವರೂ ಅದನ್ನು ಒಂದೇ ರೀತಿಯಾಗಿ ಉಚ್ಚರಿಸುತ್ತಾರೆ. ತೊಗರಿಯ ರಾಶಿ ಮಾಡುವಾಗ ಸೀನು ಹಿಡಿದರೆ ಅಲರ್ಜಿ; ಮೈಮೇಲೆ ಗಂಧೆ ಎದ್ದರೆ ಅಲರ್ಜಿ; ರಾತ್ರಿ ದಮ್ಮು ಕಟ್ಟಿದರೂ ಅಲರ್ಜಿಯೇ. ಆದರೆ 'ಅಲರ್ಜಿಯ ಸೂಜಿ' ಎಂದಾಗ ನಮ್ಮ ಜನರ ಮನಸ್ಸಿನಲ್ಲಿ ಮೂಡುವ ಅರ್ಥವೇ ಬೇರೆ, ವೈದ್ಯಶಾಸ್ತ್ರದಲ್ಲಿ ಆ ಹೆಸರಿಗಿರುವ ಅರ್ಥವೇ ಬೇರೆ. ನಮ್ಮವರು ಹೇಳುವುದು ಹಾಕಿಸಿಕೊಂಡ ಗಳಿಗೆಯೊಳಗೆ ತುರಿಕೆಯನ್ನೂ ಉಬ್ಬಸವನ್ನೂ ತಗ್ಗಿಸುವ ಔಷಧವನ್ನು. ವೈದ್ಯಶಾಸ್ತ್ರವು ಹೇಳುವುದು ಯಾವ ವಸ್ತು ರೋಗಿಯ ದೇಹಕ್ಕೆ ಒಗ್ಗದೋ ಅದೇ ವಸ್ತುವನ್ನು ಅಣುಮಾತ್ರವಾಗಿ, ಮೂರರಿಂದ ಐದು ವರ್ಷಗಳವರೆಗೆ, ಮೆಲ್ಲಮೆಲ್ಲನೆ ಒಗ್ಗಿಸುವ ಸೂಜಿಯನ್ನು. ಮೊದಲನೆಯದು ಅಳುವ ಮಗುವಿಗೆ ಕೊಟ್ಟ ಬೆಲ್ಲದ ಚೂರಿನಂತೆ, ಎರಡನೆಯದು ಅಕ್ಷರಾಭ್ಯಾಸದಂತೆ. ಬೆಲ್ಲವನ್ನು ನಿರೀಕ್ಷಿಸಿ ಪಾಠಕ್ಕೆ ಕುಳಿತ ಮಗುವು ಬೇಗನೆ ಎದ್ದು ಹೋಗುತ್ತದೆ. ಅದರಂತೆಯೇ ಇಂದೇ ಉಪಶಮನವಾದೀತೆಂದು ಈ ಎರಡನೆಯ ಚಿಕಿತ್ಸೆಯನ್ನು ಹಿಡಿದವರು ಎರಡು ಮೂರು ತಿಂಗಳಲ್ಲಿ ಅದನ್ನು ಬಿಟ್ಟುಬಿಡುತ್ತಾರೆ. ಹಣವೂ ಹೋಯಿತು, ಗುಣವೂ ಕಾಣಲಿಲ್ಲ ಎಂದು ಮರುಗುತ್ತಾರೆ.

ಆದುದರಿಂದ ಈ ಸೂಜಿಯಿಂದ ಏನನ್ನು ನಿರೀಕ್ಷಿಸಬೇಕು, ಏನನ್ನು ನಿರೀಕ್ಷಿಸಬಾರದು ಎಂಬುದನ್ನು ತಿಳಿದುಕೊಳ್ಳುವುದು ಅವಶ್ಯ. ಇದನ್ನು ತಿಳಿಯಲು ಅದರ ಇತಿಹಾಸಕ್ಕಿಂತ ಒಳ್ಳೆಯ ದಾರಿಯಿಲ್ಲವೆಂದು ನನ್ನ ನಂಬಿಕೆ. ಏಕೆಂದರೆ ವೈದ್ಯರು ವಿಧಿಸುವ ನಿಯಮಗಳು ರೋಗಿಗೆ ಕಾಟವೆಂದೇ ತೋರಬಹುದು. ಆದರೆ ಅವುಗಳಲ್ಲಿ ಮುಖ್ಯವಾದ ಒಂದೊಂದರ ಹಿಂದೆಯೂ ಹಿಂದಿನವರು ಪಟ್ಟ ಪಾಡು ಇದೆ.

ರೋಗದ ಅಂಶವನ್ನೇ ಅಲ್ಪವಾಗಿ ದೇಹಕ್ಕೆ ಕೊಟ್ಟು ರೋಗವನ್ನು ತಡೆಯುವ ಯುಕ್ತಿ ನಮ್ಮ ನಾಡಿಗೆ ಹೊಸದಲ್ಲ. ಸಿಡುಬಿನ ಕೀವನ್ನು ಚರ್ಮಕ್ಕೆ ಗೀರಿ ಹಾಕುವ ಪದ್ಧತಿಯು ಭಾರತದ ಕೆಲವು ಭಾಗಗಳಲ್ಲಿ ಜೆನ್ನರನಿಗಿಂತ ಮೊದಲೇ ರೂಢಿಯಲ್ಲಿತ್ತು. 1796ರಲ್ಲಿ ಇಂಗ್ಲೆಂಡಿನ ಎಡ್ವರ್ಡ್ ಜೆನ್ನರನು ಗೋಸಿಡುಬಿನ ಅಂಶದಿಂದ ಅದೇ ಕೆಲಸವನ್ನು ಹೆಚ್ಚು ಕ್ಷೇಮವಾಗಿ ಸಾಧಿಸಿದನು. 1802ರ ಜೂನ್ ತಿಂಗಳಲ್ಲಿ ಮುಂಬಯಿಯ ಮೂರು ವರ್ಷದ ಒಂದು ಹೆಣ್ಣುಮಗುವಿಗೆ ಭಾರತದಲ್ಲಿ ಮೊದಲನೆಯ ಸಲ ಆ ಲಸಿಕೆಯನ್ನು ಹಾಕಲಾಯಿತು. ಜನರು ಅಂಜಿದರು. ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಅರಮನೆಯ ಮೂವರು ಸ್ತ್ರೀಯರನ್ನು ಚಿತ್ರಕಾರ ಥಾಮಸ್ ಹಿಕಿ ಸುಮಾರು 1805ರಲ್ಲಿ ಬರೆದ ಒಂದು ವರ್ಣಚಿತ್ರವಿದೆ. ದೇವಿ ಹಾಕಿಸಿಕೊಳ್ಳಲು ಜನರಿಗೆ ಧೈರ್ಯ ಬರಲೆಂದೇ ಅದನ್ನು ಬರೆಸಿರಬೇಕೆಂದು ಇತಿಹಾಸಕಾರ ನೈಜೆಲ್ ಚಾನ್ಸಲರ್ ಅಭಿಪ್ರಾಯಪಟ್ಟಿದ್ದಾರೆ. ರಾಣಿಯೇ ಸೆರಗು ಸರಿಸಿ ತೋಳನ್ನು ತೋರಿಸಿದ ಮೇಲೆ ಪ್ರಜೆಗಳು ಅಂಜುವುದೇಕೆ ಎಂಬುದು ಅದರ ಭಾವ.

ಆದರೆ ಇಲ್ಲಿ ಒಂದು ಭೇದವನ್ನು ಗಮನಿಸಬೇಕು. ಸಿಡುಬಿನ ಲಸಿಕೆಯು ದೇಹವನ್ನು ಹೋರಾಟಕ್ಕೆ ಎಬ್ಬಿಸುತ್ತದೆ. ಅಲರ್ಜಿಯಲ್ಲಿಯಾದರೋ ದೇಹವು ಹೋರಾಡಬಾರದ ವಸ್ತುವಿನೊಡನೆ ಈಗಾಗಲೇ ಹೋರಾಡುತ್ತಿರುತ್ತದೆ. ಹೂವಿನ ಪರಾಗವಾಗಲಿ ಮನೆಯ ಧೂಳಾಗಲಿ ಶತ್ರುವಲ್ಲ. ದೇಹವು ಅದನ್ನು ಶತ್ರುವೆಂದು ತಪ್ಪು ತಿಳಿದಿದೆ. ಆದುದರಿಂದ ಅಲರ್ಜಿಯ ಸೂಜಿಯ ಕೆಲಸ ಎಬ್ಬಿಸುವುದಲ್ಲ, ಸಮಾಧಾನಪಡಿಸುವುದು. ಈ ಭೇದವು ತಿಳಿಯಲು ಮನುಷ್ಯನಿಗೆ ಬಹಳ ಕಾಲ ಹಿಡಿಯಿತು.

1819ರಲ್ಲಿ ಲಂಡನ್ನಿನ ವೈದ್ಯ ಜಾನ್ ಬೋಸ್ಟಾಕನು ಪ್ರತಿ ಬೇಸಗೆಯಲ್ಲಿಯೂ ತನಗೆ ಬರುತ್ತಿದ್ದ ಕಣ್ಣುರಿ, ಸೀನು, ಉಸಿರುಕಟ್ಟುಗಳನ್ನು ವಿವರವಾಗಿ ಬರೆದಿಟ್ಟನು. ಅದರ ಕಾರಣ ಅವನಿಗೆ ತಿಳಿಯಲಿಲ್ಲ. ಕಾರಣವನ್ನು ಹುಡುಕಿದವನು ಮ್ಯಾಂಚೆಸ್ಟರಿನ ಚಾರ್ಲ್ಸ್ ಬ್ಲ್ಯಾಕ್ಲಿ. ಅವನೂ ಅದೇ ರೋಗದಿಂದ ನರಳುತ್ತಿದ್ದನು. ಹುಲ್ಲಿನ ಪರಾಗವನ್ನು ತಾನೇ ಮೂಸಿ ನೋಡಿದನು. ಗೀರಿದ ಚರ್ಮದ ಮೇಲೆ ಅದನ್ನಿಟ್ಟು ಬೊಕ್ಕೆ ಏಳುವುದನ್ನು ಕಂಡನು. ಗಾಳಿಪಟಕ್ಕೆ ಅಂಟುಗಾಜನ್ನು ಕಟ್ಟಿ ಮೇಲಿನ ಗಾಳಿಯಲ್ಲಿಯೂ ಪರಾಗ ಹಾರಾಡುತ್ತಿದೆಯೆಂಬುದನ್ನು ತೋರಿಸಿದನು. 1873ರಲ್ಲಿ ಇವೆಲ್ಲವನ್ನೂ ಗ್ರಂಥರೂಪವಾಗಿ ಪ್ರಕಟಿಸಿದನು. ಇಂದು ವೈದ್ಯರು ಮುಂಗೈಯ ಮೇಲೆ ಹನಿಗಳನ್ನಿಟ್ಟು ಚುಚ್ಚಿ ನೋಡುವ ಪರೀಕ್ಷೆಯ ಮೂಲವು ಬ್ಲ್ಯಾಕ್ಲಿಯು ತನ್ನ ಮೈಮೇಲೆಯೇ ಮಾಡಿಕೊಂಡ ಈ ಪ್ರಯೋಗವೇ ಆಗಿದೆ.

ಮುಂದೆ 1902ರಲ್ಲಿ ಫ್ರಾನ್ಸಿನ ಶಾರ್ಲ್ ರಿಶೆ ಮತ್ತು ಪಾಲ್ ಪೋರ್ತಿಯೆ ಎಂಬವರು ಸಮುದ್ರಜೀವಿಯೊಂದರ ವಿಷವನ್ನು ನಾಯಿಗಳಿಗೆ ಕೊಟ್ಟು ಪರೀಕ್ಷಿಸಿದರು. ಮೊದಲನೆಯ ಸಲ ತಾಳಿಕೊಂಡ ನಾಯಿಯು ಕೆಲವು ವಾರಗಳ ನಂತರ ಅದಕ್ಕಿಂತ ಅಲ್ಪವಾದ ಅಂಶಕ್ಕೆ ನಿಮಿಷಗಳಲ್ಲಿ ಸತ್ತಿತು. ಈ ಘೋರ ಪ್ರತಿಕ್ರಿಯೆಗೆ ಅವರು ಅನಫಿಲ್ಯಾಕ್ಸಿಸ್ ಎಂದು ಹೆಸರಿಟ್ಟರು. ಇದಕ್ಕಾಗಿ ರಿಶೆಗೆ 1913ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. 1906ರಲ್ಲಿ ವಿಯೆನ್ನಾದ ಮಕ್ಕಳ ವೈದ್ಯ ಕ್ಲೆಮೆನ್ಸ್ ಫಾನ್ ಪಿರ್ಕೆ ಎಂಬವನು ಗ್ರೀಕ್ ಧಾತುಗಳಿಂದ 'ಅಲರ್ಜಿ' ಎಂಬ ಶಬ್ದವನ್ನು ಕಟ್ಟಿದನು. ಬದಲಾದ ಪ್ರತಿಕ್ರಿಯೆ ಎಂಬುದು ಅದರ ಅರ್ಥ. ನಮ್ಮ 'ಒಗ್ಗದು' ಎಂಬ ಮಾತು ಅದೇ ಸಂಗತಿಯನ್ನು ಎಷ್ಟು ಸರಳವಾಗಿ ಹೇಳುತ್ತದೆ!

ಇನ್ನು ಸೂಜಿಯ ಕಥೆ. ಲಂಡನ್ನಿನ ಸೇಂಟ್ ಮೇರಿ ಆಸ್ಪತ್ರೆಯಲ್ಲಿ ಆಮ್ರೋತ್ ರೈಟ್ ಎಂಬ ಪ್ರಸಿದ್ಧ ವೈದ್ಯನ ಕೈಕೆಳಗೆ ಲಿಯೊನಾರ್ಡ್ ನೂನ್ ಎಂಬ ತರುಣನು ಕೆಲಸ ಮಾಡುತ್ತಿದ್ದನು. ಅವನು ಒಂದು ಜಾತಿಯ ಹುಲ್ಲಿನ ಪರಾಗವನ್ನು ನೀರಿನಲ್ಲಿ ಕದಡಿ ಸಾರ ತೆಗೆದನು. ಒಂದು ಗ್ರಾಮಿನ ಹತ್ತು ಲಕ್ಷದಲ್ಲೊಂದು ಭಾಗ ಪರಾಗದಿಂದ ಬರುವ ಸಾರವನ್ನು ಒಂದು ಮಾನವೆಂದು ಎಣಿಸಿದನು. ರೋಗಿಯ ಕಣ್ಣಿಗೆ ಬೇರೆ ಬೇರೆ ಪ್ರಮಾಣದ ಹನಿಗಳನ್ನು ಹಾಕಿ, ಎಷ್ಟಕ್ಕೆ ಕಣ್ಣು ಕೆಂಪಾಗುವುದೆಂದು ನೋಡಿ ಅವನ ತಾಳಿಕೆಯನ್ನು ಅಳೆದನು. ಆ ಮೇಲೆ ಪರಾಗಕಾಲವು ಬರುವ ಮುನ್ನವೇ ಅಲ್ಪ ಪ್ರಮಾಣದ ಚುಚ್ಚುಮದ್ದುಗಳನ್ನು ಪ್ರಾರಂಭಿಸಿ ಕ್ರಮವಾಗಿ ಹೆಚ್ಚಿಸುತ್ತ ಹೋದನು. ತಾಳಿಕೆಯು ಬೆಳೆಯಿತು. 1911ರ ಜೂನ್ 10ರ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಅವನ ಲೇಖನವು ಪ್ರಕಟವಾಯಿತು. ಅದು ಚಿಕ್ಕ ಲೇಖನ. ಆದರೆ ಅದರಲ್ಲಿ ಒಂದು ದೊಡ್ಡ ಎಚ್ಚರಿಕೆಯಿತ್ತು. ಅವಸರದಿಂದ ಪ್ರಮಾಣವನ್ನು ಏರಿಸಿದರೆ ತಾಳಿಕೆ ಬೆಳೆಯುವುದಕ್ಕೆ ಬದಲು ಕುಗ್ಗುತ್ತದೆ ಎಂಬುದೇ ಆ ಎಚ್ಚರಿಕೆ.

ನೂನನು ಕ್ಷಯರೋಗದಿಂದ ಪೀಡಿತನಾಗಿದ್ದನು. 1913ರ ಜನವರಿಯಲ್ಲಿ, ಇನ್ನೂ ನಲವತ್ತು ತುಂಬುವ ಮೊದಲೇ ಅವನು ತೀರಿಕೊಂಡನು. ಅವನ ಕೆಲಸವನ್ನು ಗೆಳೆಯ ಜಾನ್ ಫ್ರೀಮನ್ನನು ಮುಂದುವರಿಸಿದನು. ಇತರರಿಗೆ ಉಸಿರಾಟವನ್ನು ಸುಗಮ ಮಾಡಲು ಹೊರಟವನ ಶ್ವಾಸಕೋಶವೇ ಅವನಿಗೆ ಕೈಕೊಟ್ಟಿತು ಎಂಬುದನ್ನು ನೆನೆದರೆ ಮನಸ್ಸು ಭಾರವಾಗುತ್ತದೆ.

ಇಲ್ಲಿ ಇತಿಹಾಸದ ಒಂದು ವಿನೋದವೂ ಇದೆ. ಪರಾಗದಲ್ಲಿ ವಿಷವಿದೆ, ಅದಕ್ಕೆ ಪ್ರತಿವಿಷವನ್ನು ದೇಹವು ಬೆಳೆಸಿಕೊಳ್ಳುತ್ತದೆ ಎಂದು ನೂನನು ತಿಳಿದಿದ್ದನು. ಆ ಸಿದ್ಧಾಂತವು ತಪ್ಪು, ಚಿಕಿತ್ಸೆಯು ಸರಿ. ಪರಾಗದಲ್ಲಿ ಅಂತಹ ವಿಷವಿಲ್ಲ. 1935ರಲ್ಲಿ ಅಮೆರಿಕದ ರಾಬರ್ಟ್ ಕುಕ್ ಮತ್ತು ಸಂಗಡಿಗರು, ಚುಚ್ಚುಮದ್ದು ಪಡೆದವರ ರಕ್ತದಲ್ಲಿ ಅಲರ್ಜಿಯ ಪ್ರತಿಕ್ರಿಯೆಯನ್ನು ಅಡ್ಡಗಟ್ಟುವ ಒಂದು ಪದಾರ್ಥವು ಹುಟ್ಟುತ್ತದೆಯೆಂದು ತೋರಿಸಿದರು. ಅಲರ್ಜಿಯನ್ನು ಹೊತ್ತಿಸುವ ಮೂಲಪದಾರ್ಥವನ್ನು 1966ರಲ್ಲಿ ಅಮೆರಿಕದಲ್ಲಿದ್ದ ಜಪಾನೀ ದಂಪತಿಗಳಾದ ಇಶಿಜಾಕರೂ, 1967ರಲ್ಲಿ ಸ್ವೀಡನ್ನಿನ ಯೊಹಾನ್ಸನ್ ಮತ್ತು ಬೆನಿಕ್ ಎಂಬವರೂ ಬೇರೆ ಬೇರೆಯಾಗಿ ಕಂಡುಹಿಡಿದರು. 1968ರಲ್ಲಿ ಅದಕ್ಕೆ ಇಮ್ಯುನೊಗ್ಲಾಬ್ಯುಲಿನ್ ಇ ಎಂಬ ಹೆಸರು ಸ್ಥಿರವಾಯಿತು. ಈ ಪದಾರ್ಥವು ದೇಹದ ಕೆಲವು ಕಣಗಳ ಮೇಲೆ ಕಾವಲುಗಾರನಂತೆ ಕುಳಿತಿರುತ್ತದೆ. ತನಗೆ ಗುರುತಿರುವ ಪರಾಗವು ತಾಗಿದೊಡನೆ ಆ ಕಣಗಳು ಹಿಸ್ಟಮಿನ್ ಮೊದಲಾದ ದ್ರವ್ಯಗಳನ್ನು ಚೆಲ್ಲುತ್ತವೆ. ಸೀನು, ತುರಿಕೆ, ಉಬ್ಬಸಗಳು ಅದರ ಫಲ. ಕ್ರಮವಾದ ಚುಚ್ಚುಮದ್ದಿನಿಂದ ಅಡ್ಡಗಟ್ಟುವ ಪ್ರತಿಕಾಯಗಳು ಹೆಚ್ಚುತ್ತವೆ. ದೇಹದ ರಕ್ಷಣಾವ್ಯವಸ್ಥೆಯಲ್ಲಿ ಉದ್ರೇಕವನ್ನು ತಣಿಸುವ ಕಣಗಳು ಬಲಗೊಳ್ಳುತ್ತವೆ. ಇದು ಒಂದು ದಿನದಲ್ಲಿ ಆಗುವ ಕೆಲಸವಲ್ಲ.

ಮೊದಲು ಹೇಳಿದ ಆ ಬೆಲ್ಲದ ಚೂರಿನಂತಹ ಔಷಧಗಳು ಹುಟ್ಟಿದ್ದು ನೂನನ ತರುವಾಯ. 1937ರಲ್ಲಿ ಪ್ಯಾರಿಸ್ಸಿನ ಪಾಸ್ತರ್ ಸಂಸ್ಥೆಯಲ್ಲಿ ಡೇನಿಯಲ್ ಬೋವೆ ಮತ್ತು ಆನ್ ಮರಿ ಸ್ಟೌಬ್ ಎಂಬವರು ಹಿಸ್ಟಮಿನ್ನನ್ನು ತಡೆಯುವ ಮೊದಲ ಔಷಧವನ್ನು ಕಂಡರು. ಕಾರ್ಟಿಸೋನನ್ನು 1948ರಲ್ಲಿ ಅಮೆರಿಕದ ಫಿಲಿಪ್ ಹೆಂಚ್ ಮೊದಲ ಬಾರಿಗೆ ರೋಗಿಗೆ ಕೊಟ್ಟನು. ಸ್ಟಿರಾಯ್ಡ್ ಔಷಧಗಳ ಯುಗವು ಅಲ್ಲಿಂದ ತೊಡಗಿತು. ಇವು ಮಹೋಪಕಾರಿಗಳೆಂಬುದರಲ್ಲಿ ಸಂದೇಹವಿಲ್ಲ. ಆದರೆ ಇವು ಬೆಂಕಿಯನ್ನು ಆರಿಸುತ್ತವೆಯೇ ಹೊರತು ದೇಹದ ಸ್ವಭಾವವನ್ನು ತಿದ್ದುವುದಿಲ್ಲ. ಪ್ರತಿ ಸುಗ್ಗಿಗೂ ಸ್ಟಿರಾಯ್ಡ್ ಸೂಜಿಯನ್ನು ಹಾಕಿಸಿಕೊಳ್ಳುತ್ತ ಹೋದರೆ ಸಕ್ಕರೆ ರೋಗ, ರಕ್ತದ ಒತ್ತಡ, ಎಲುಬಿನ ಸವೆತ, ಕಣ್ಣಿನ ಪೊರೆ ಮೊದಲಾದವು ಬೆನ್ನು ಹತ್ತಬಹುದು. ವೈದ್ಯರನ್ನು ಕುರಿತು 'ಇದು ಯಾವ ಸೂಜಿ?' ಎಂದು ಕೇಳುವ ರೂಢಿ ನಮ್ಮವರಲ್ಲಿ ಬೆಳೆಯಬೇಕು.

ನೂನನ ಚಿಕಿತ್ಸೆಯು ನಿಜವಾಗಿ ಫಲಕಾರಿಯೇ, ಅಥವಾ ರೋಗಿಯ ನಂಬಿಕೆಯೇ ಫಲ ಕೊಡುತ್ತಿತ್ತೇ? ಈ ಪ್ರಶ್ನೆಯನ್ನು 1954ರಲ್ಲಿ ಅದೇ ಸೇಂಟ್ ಮೇರಿ ಆಸ್ಪತ್ರೆಯ ವಿಲಿಯಂ ಫ್ರಾಂಕ್ಲ್ಯಾಂಡ್, ರೋಸಾ ಆಗಸ್ಟಿನ್ ಎಂಬವರೊಡನೆ ಕೂಡಿ ಪರೀಕ್ಷೆಗೊಡ್ಡಿದನು. ಕೆಲವರಿಗೆ ಪರಾಗದ ಸಾರ, ಕೆಲವರಿಗೆ ಸಾರವಿಲ್ಲದ ಚುಚ್ಚುಮದ್ದು ಕೊಟ್ಟು ಹೋಲಿಸಿದಾಗ ಸಾರವನ್ನು ಪಡೆದವರಲ್ಲಿಯೇ ಗುಣವು ಸ್ಪಷ್ಟವಾಗಿ ಹೆಚ್ಚಾಗಿತ್ತು. ಜೇನು, ಕಣಜಗಳ ಕಡಿತದ ವಿಷಯದಲ್ಲಿ ಇಂತಹ ಪರೀಕ್ಷೆಯು ಇನ್ನೊಂದು ಪಾಠವನ್ನು ಕಲಿಸಿತು. ಅನೇಕ ವರ್ಷಗಳವರೆಗೆ ಇಡೀ ಕೀಟವನ್ನು ಅರೆದು ತೆಗೆದ ಸಾರವನ್ನು ಚುಚ್ಚಲಾಗುತ್ತಿತ್ತು. 1978ರಲ್ಲಿ ಅಮೆರಿಕದಲ್ಲಿ ನಡೆದ ಹೋಲಿಕೆಯಿಂದ, ಅದು ನಿರುಪಯುಕ್ತವೆಂದೂ ಕೀಟದ ವಿಷದಿಂದಲೇ ಮಾಡಿದ ಚುಚ್ಚುಮದ್ದು ಮಾತ್ರ ಕಾಪಾಡುತ್ತದೆಯೆಂದೂ ತಿಳಿದುಬಂದಿತು. ಸಾರವು ಶುದ್ಧವಾಗಿರಬೇಕು, ರೋಗಕ್ಕೆ ತಕ್ಕುದಾಗಿರಬೇಕು; ಇಲ್ಲವಾದರೆ ಚುಚ್ಚಿದ್ದಷ್ಟೇ ಲಾಭ.

ಭಾರತದಲ್ಲಿ ಈ ಶಾಸ್ತ್ರಕ್ಕೆ ನೆಲೆ ಸಿಕ್ಕಿದ್ದು ದಿಲ್ಲಿಯ ವಲ್ಲಭಭಾಯಿ ಪಟೇಲ್ ಎದೆರೋಗ ಸಂಸ್ಥೆಯಲ್ಲಿ. ಅಲ್ಲಿ ಡಾ. ಡಿ. ಎನ್. ಶಿವಪುರಿಯವರು ನಮ್ಮ ದೇಶದ ಗಾಳಿಯಲ್ಲಿರುವ ಪರಾಗ, ಬೂಷ್ಟು, ಕೀಟಗಳ ಧೂಳು ಇವುಗಳನ್ನು ಕುರಿತು ದೀರ್ಘಕಾಲ ಅಭ್ಯಾಸ ಮಾಡಿದರು. ಇಂಗ್ಲೆಂಡಿನ ಹುಲ್ಲಿನ ಸಾರವನ್ನು ತಂದು ಇಲ್ಲಿಯವರಿಗೆ ಚುಚ್ಚಿದರೆ ಪ್ರಯೋಜನವಿಲ್ಲ. ನಮ್ಮ ಗಾಳಿಯಲ್ಲಿ ಏನಿದೆಯೋ ಅದನ್ನು ಅರಿಯಬೇಕು. ಈ ಕಾರ್ಯವನ್ನು ಕನ್ನಡ ನಾಡಿನಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಎಸ್. ಎನ್. ಅಗಾಶೆಯವರು ಕೈಕೊಂಡರು. ಬೆಂಗಳೂರಿನ ಗಾಳಿಯಲ್ಲಿ ಯಾವ ಋತುವಿನಲ್ಲಿ ಯಾವ ಪರಾಗವು ಹಾರುತ್ತದೆಯೆಂಬುದನ್ನು ಅವರು ಲೆಕ್ಕವಿಟ್ಟರು. ಅಲ್ಲಿಯ ಕೃಷಿ ವಿಶ್ವವಿದ್ಯಾಲಯದಲ್ಲಿ ಜಿ. ಪಿ. ಚನ್ನಬಸವಣ್ಣನವರು ಮತ್ತು ಅವರ ಶಿಷ್ಯರು ಮನೆಯ ಧೂಳಿನಲ್ಲಿರುವ ನುಸಿಗಳನ್ನು ಅಭ್ಯಸಿಸಿದರು. ಕಣ್ಣಿಗೆ ಕಾಣದ ಈ ನುಸಿಯೇ ಮನೆಧೂಳಿನ ಅಲರ್ಜಿಗೆ ಮುಖ್ಯ ಕಾರಣವೆಂದು 1964ರಲ್ಲಿ ಹಾಲೆಂಡಿನ ಲೈಡನ್ ನಗರದ ವಿದ್ವಾಂಸರು ತೋರಿಸಿದ್ದರು. ಹಾಸಿಗೆ, ಕೌದಿ, ತಲೆದಿಂಬುಗಳು ಅದರ ಮನೆ. ಬೆಂಗಳೂರಿನ ಡಾ. ಎಚ್. ಪರಮೇಶ ಅವರು 1979ರಿಂದ 1999ರವರೆಗೆ ಆಸ್ಪತ್ರೆಗೆ ಬಂದ ಮಕ್ಕಳನ್ನು ಪರೀಕ್ಷಿಸಿದಾಗ ಅಸ್ತಮಾ ಇರುವವರ ಪ್ರಮಾಣವು ನೂರಕ್ಕೆ 9ರಿಂದ 29.5ಕ್ಕೆ ಏರಿತ್ತು. ಇದು ನಮ್ಮ ಮಕ್ಕಳ ಉಸಿರಿನ ಪ್ರಶ್ನೆ.

ನಮ್ಮ ಗಡಿನಾಡಿಗೆ ಎಲ್ಲಕ್ಕಿಂತ ಸಮೀಪವಾದ ಉದಾಹರಣೆಯು ಕಾಂಗ್ರೆಸ್ ಗಿಡದ್ದು. ಮರಾಠಿಯವರು ಇದನ್ನು ಗಾಜರ ಗವತ ಎನ್ನುತ್ತಾರೆ. ಶಾಸ್ತ್ರಜ್ಞರು ಪಾರ್ಥೀನಿಯಂ ಎನ್ನುತ್ತಾರೆ. ಇದರ ಮೂಲ ಅಮೆರಿಕ ಖಂಡ. 1955ರಲ್ಲಿ ಪುಣೆಯಲ್ಲಿ ಇದು ಕಂಡಿತು. 1956ರಲ್ಲಿ ಸಸ್ಯಶಾಸ್ತ್ರಜ್ಞ ಆರ್. ಎಸ್. ರಾವ್ ಅವರು ಇದನ್ನು ಭಾರತಕ್ಕೆ ಹೊಸದೆಂದು ದಾಖಲಿಸಿದರು. ಅದಕ್ಕೂ ಹಿಂದಿನ ಒಣಗಿಸಿಟ್ಟ ಮಾದರಿಗಳು ಆ ಮೇಲೆ ದೊರೆತಿವೆಯಾದರೂ, ನಾಡೆಲ್ಲ ಹರಡಿದ್ದು ಆ ಕಾಲದಿಂದೀಚೆಗೆ. ಅಮೆರಿಕದ ಪಿ. ಎಲ್. 480ರ ಗೋದಿಯೊಡನೆ ಇದು ಬಂದಿತೆಂಬ ಮಾತು ಎಲ್ಲರ ಬಾಯಲ್ಲಿದೆ. ಆದರೆ ಆ ಕಾನೂನಿನಂತೆ ಭಾರತದೊಡನೆ ಮೊದಲ ಒಪ್ಪಂದವಾದದ್ದು 1956ರ ಆಗಸ್ಟಿನಲ್ಲಿ. ಗಿಡವು ಕಂಡದ್ದು ಅದರ ಹಿಂದಿನ ವರ್ಷ. ಗೋದಿಯೊಡನೆಯೇ ಬಂದಿದ್ದರೆ 1951ರ ಸಾಲದ ಗೋದಿಯೊಡನೆ ಬಂದಿರಬೇಕು. ಜನರ ಬಾಯಲ್ಲಿರುವ ಕಥೆಯನ್ನೂ ಒಮ್ಮೆ ತಾರೀಖಿನ ತಕ್ಕಡಿಯಲ್ಲಿಟ್ಟು ನೋಡುವುದು ಒಳ್ಳೆಯದು.

ಅದೇ 1956ರ ನವೆಂಬರದಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾಗಿ, ಬೀದರ ಜಿಲ್ಲೆಯಲ್ಲಿದ್ದ ಉದಗೀರ, ನಿಲಂಗಾ, ಅಹಮದಪುರ ತಾಲೂಕುಗಳು ಮುಂಬಯಿ ರಾಜ್ಯಕ್ಕೆ ಸೇರಿದವು. ಮನುಷ್ಯರ ನಡುವೆ ಗೆರೆ ಬಿದ್ದಿತು. ಗಿಡವು ಗೆರೆಯನ್ನು ಲೆಕ್ಕಿಸಲಿಲ್ಲ. ಹೊಲದ ಬದು, ರಸ್ತೆಯ ಅಂಚು, ಶಾಲೆಯ ಅಂಗಳ ಎಲ್ಲೆಲ್ಲಿಯೂ ಅದು ನಿಂತಿತು. ಕರ್ನಾಟಕ ಸರಕಾರವು 1975ರಲ್ಲಿ ಕಾನೂನಿನ ಮೂಲಕ ಇದನ್ನು ಉಪದ್ರವಕಾರಿ ಕಳೆಯೆಂದು ಸಾರಿತು. ಇದನ್ನು ತಿನ್ನುವ ಒಂದು ಜೀರುಂಡೆಯನ್ನು 1983ರಲ್ಲಿ ಮೆಕ್ಸಿಕೋದಿಂದ ಬೆಂಗಳೂರಿಗೆ ತರಿಸಿ 1984ರಲ್ಲಿ ಬಯಲಿಗೆ ಬಿಡಲಾಯಿತು. ಕಳೆಯು ಕೆಲವೆಡೆ ಕುಗ್ಗಿತು, ತೀರಲಿಲ್ಲ.

ಈ ಗಿಡದಿಂದ ಬರುವ ಬಾಧೆಗಳು ಎರಡು ಬಗೆಯವು. ಇವನ್ನು ಬೇರೆಬೇರೆಯಾಗಿ ತಿಳಿಯದಿದ್ದರೆ ಸೂಜಿಯ ವಿಷಯದಲ್ಲಿ ಮೋಸಹೋಗುವುದು ಖಂಡಿತ. ಒಂದು ಚರ್ಮದ ರೋಗ. ಮುಖ, ಕುತ್ತಿಗೆ, ಮೊಣಕೈಯ ಮಡಿಕೆಗಳು ಕಪ್ಪಾಗಿ, ದಪ್ಪವಾಗಿ, ಸೀಳಿ ಕೆರೆಯುತ್ತವೆ. ಪುಣೆಯಲ್ಲಿ ಅನೇಕರು ಇದರಿಂದ ನರಳಿದರು; ಡಾ. ಲೊಣಕರ ಮತ್ತು ಅವರ ಪರದೇಶದ ಸಂಗಡಿಗರು 1974ರಲ್ಲಿ ಇದನ್ನು ವೈದ್ಯಲೋಕಕ್ಕೆ ವಿವರಿಸಿದರು. ಗಿಡದಲ್ಲಿರುವ ಪಾರ್ಥೆನಿನ್ ಎಂಬ ದ್ರವ್ಯವು ಚರ್ಮಕ್ಕೆ ತಾಗಿ, ಒಂದೆರಡು ದಿನಗಳ ಮೇಲೆ ಏಳುವ ಬಾಧೆಯಿದು. ಇನ್ನೊಂದು ಪರಾಗದ ಬಾಧೆ: ಸೀನು, ಮೂಗು ಸೋರುವುದು, ಉಬ್ಬಸ. ಇದು ನಿಮಿಷಗಳಲ್ಲಿ ಏಳುತ್ತದೆ. ಬೆಂಗಳೂರಿನಲ್ಲಿ ನಡೆದು 1991ರಲ್ಲಿ ಪ್ರಕಟವಾದ ಅಭ್ಯಾಸವೊಂದರಲ್ಲಿ ಅಲರ್ಜಿಯ ನೆಗಡಿಯಿದ್ದವರ ಪೈಕಿ ಸುಮಾರು ಮೂರರಲ್ಲೊಂದು ಪಾಲಿನವರಿಗೆ ಈ ಗಿಡದ ಪರಾಗವು ಒಗ್ಗದೆಂದು ಚುಚ್ಚುಪರೀಕ್ಷೆಯಲ್ಲಿ ಕಂಡಿತು. ನಾವು ಹೇಳುತ್ತಿರುವ ಒಗ್ಗಿಸುವ ಸೂಜಿಯು ಈ ಎರಡನೆಯ ಬಗೆಗೆ ಮಾತ್ರ ಸಲ್ಲುತ್ತದೆ. ಚರ್ಮದ ಬಾಧೆಗೆ ಅದು ರೂಢಿಯ ಚಿಕಿತ್ಸೆಯಲ್ಲ; ಅಂತಹವರು ಚರ್ಮವೈದ್ಯರನ್ನು ಕಾಣಬೇಕು, ಗಿಡದಿಂದ ದೂರವಿರಬೇಕು. ಆಹಾರದ ಅಲರ್ಜಿಗೂ ಔಷಧಗಳ ಅಲರ್ಜಿಗೂ ಈ ಸೂಜಿಯನ್ನು ಹಾಕುವುದಿಲ್ಲ.

ಇನ್ನು ಚಿಕಿತ್ಸೆಯ ಕ್ರಮವನ್ನು ನೋಡೋಣ. ಮೊದಲು ಪರೀಕ್ಷೆ. ಮುಂಗೈಯ ಮೇಲೆ ಬೇರೆ ಬೇರೆ ಸಾರಗಳ ಹನಿಗಳನ್ನಿಟ್ಟು ಚರ್ಮವನ್ನು ರಕ್ತ ಬಾರದಷ್ಟು ಮೆಲ್ಲಗೆ ಚುಚ್ಚುತ್ತಾರೆ. ಹದಿನೈದು ಇಪ್ಪತ್ತು ನಿಮಿಷಗಳಲ್ಲಿ ಸೊಳ್ಳೆ ಕಡಿದಂತೆ ಬೊಕ್ಕೆ ಎದ್ದರೆ ಆ ವಸ್ತುವು ದೇಹಕ್ಕೆ ಗುರುತಾಗಿದೆಯೆಂದು ತಿಳಿಯಬೇಕು. ಅಲರ್ಜಿಯ ಮಾತ್ರೆಗಳನ್ನು ನುಂಗಿ ಹೋದರೆ ಬೊಕ್ಕೆಯು ಏಳದೆ ಪರೀಕ್ಷೆಯು ಕೆಡುವುದು. ಆದುದರಿಂದ ಎಷ್ಟು ದಿನ ಮೊದಲು ಅವನ್ನು ನಿಲ್ಲಿಸಬೇಕೆಂದು ವೈದ್ಯರನ್ನೇ ಕೇಳಬೇಕು. ಬೊಕ್ಕೆ ಎದ್ದ ಮಾತ್ರಕ್ಕೆ ಅದೇ ರೋಗಕಾರಣವೆಂದಲ್ಲ. ಯಾವ ತಿಂಗಳಲ್ಲಿ, ಯಾವ ಕೆಲಸದಲ್ಲಿ, ಯಾವ ಜಾಗದಲ್ಲಿ ಬಾಧೆ ಹೆಚ್ಚುತ್ತದೆಯೆಂಬ ರೋಗಿಯ ಮಾತಿನೊಡನೆ ಅದು ಹೊಂದಬೇಕು. ಆದುದರಿಂದ ವೈದ್ಯರಲ್ಲಿಗೆ ಹೋಗುವ ಮೊದಲು ಕೆಲವು ತಿಂಗಳುಗಳ ಬಾಧೆಯನ್ನು ಒಂದು ವಹಿಯಲ್ಲಿ ಬರೆದಿಟ್ಟುಕೊಂಡರೆ ಬಹಳ ಉಪಯೋಗ.

ಆ ಮೇಲೆ ಏರಿಕೆಯ ಕಾಲ. ಬಹಳ ತೆಳುವಾದ ಸಾರದಿಂದ ತೊಡಗಿ, ವಾರಕ್ಕೆ ಒಂದೆರಡು ಸಲ, ತೋಳಿನ ಹಿಂಬದಿಯ ಚರ್ಮದ ಕೆಳಗೆ ಸಣ್ಣ ಸೂಜಿಯಿಂದ ಕೊಡುತ್ತಾರೆ. ನೋವು ಅಲ್ಪ. ಪ್ರತಿ ಸಲವೂ ಪ್ರಮಾಣವು ಸ್ವಲ್ಪ ಏರುತ್ತದೆ. ಇದು ಸಾಮಾನ್ಯವಾಗಿ ಮೂರರಿಂದ ಆರು ತಿಂಗಳು ನಡೆಯುತ್ತದೆ. ತಾಳಿಕೆಯ ಮಟ್ಟವನ್ನು ಮುಟ್ಟಿದ ಮೇಲೆ ಎರಡರಿಂದ ನಾಲ್ಕು ವಾರಗಳಿಗೊಮ್ಮೆ ಅದೇ ಪ್ರಮಾಣವನ್ನು ಮೂರರಿಂದ ಐದು ವರ್ಷ ಕೊಡುತ್ತಾರೆ. ನಡುವೆ ಹಬ್ಬ, ಮದುವೆ, ರಾಶಿಗಳೆಂದು ಬಹಳ ದಿನ ತಪ್ಪಿಸಿದರೆ ವೈದ್ಯರು ಪ್ರಮಾಣವನ್ನು ಕೆಳಗಿಳಿಸಿ ಮತ್ತೆ ಏರಿಸಬೇಕಾಗುತ್ತದೆ. ಇದು ಶಿಕ್ಷೆಯಲ್ಲ, ಅವಸರ ಕೂಡದೆಂದು ನೂನನು ಕಂಡ ಸತ್ಯದ ಪಾಲನೆ. ಗುಣವು ಕೆಲವು ತಿಂಗಳುಗಳ ತರುವಾಯ ಕಾಣತೊಡಗುತ್ತದೆ. ಪೂರ್ಣ ಪ್ರಮಾಣವನ್ನು ಒಂದು ವರ್ಷ ಪಡೆದ ಮೇಲೂ ಏನೂ ಕಾಣದಿದ್ದರೆ ಮುಂದುವರಿಸಬೇಕೇ ಎಂಬುದನ್ನು ವೈದ್ಯರೊಡನೆ ವಿಚಾರಿಸಬೇಕು. ಮೂರು ನಾಲ್ಕು ವರ್ಷ ಪೂರೈಸಿ ನಿಲ್ಲಿಸಿದವರಲ್ಲಿ ಮುಂದಿನ ಮೂರು ವರ್ಷಗಳವರೆಗೂ ಗುಣವು ಉಳಿದಿತ್ತೆಂದು 1999ರಲ್ಲಿ ಲಂಡನ್ನಿನ ಸ್ಟೀಫನ್ ಡರ್ಹಮ್ ಮತ್ತು ಸಂಗಡಿಗರು ತೋರಿಸಿದರು. ಅರ್ಧದಲ್ಲಿ ಬಿಟ್ಟವರು ಈ ಫಲವನ್ನು ನಿರೀಕ್ಷಿಸಲಾಗದು.

ಚುಚ್ಚಿದ ಜಾಗದಲ್ಲಿ ಕೆಂಪು, ತುರಿಕೆ, ಸಣ್ಣ ಊತ ಸಾಮಾನ್ಯ. ಒಂದೆರಡು ದಿನಗಳಲ್ಲಿ ಇಳಿಯುತ್ತದೆ. ಊತವು ದೊಡ್ಡದಾದರೆ ಮುಂದಿನ ಸೂಜಿಗೆ ಮೊದಲು ತಿಳಿಸಬೇಕು. ಆದರೆ ನಿಜವಾದ ಅಪಾಯವು ಬೇರೆ. ಮೈಯೆಲ್ಲ ಗಂಧೆ, ಗಂಟಲು ಬಿಗಿತ, ಉಬ್ಬಸ, ತಲೆ ಸುತ್ತು, ಗಾಬರಿ ಇವು ರಿಶೆ ಕಂಡ ಅನಫಿಲ್ಯಾಕ್ಸಿಸ್ಸಿನ ಮುನ್ಸೂಚನೆಗಳು. 1957ರಿಂದ 1986ರವರೆಗೆ ಬ್ರಿಟನ್ನಿನಲ್ಲಿ ಇಂತಹ ಚುಚ್ಚುಮದ್ದಿನಿಂದ 26 ಮಂದಿ ಸತ್ತರೆಂದು ಅಲ್ಲಿಯ ಔಷಧ ಸುರಕ್ಷಾ ಸಮಿತಿಯು 1986ರಲ್ಲಿ ಪ್ರಕಟಿಸಿತು. ಸತ್ತವರಲ್ಲಿ ಅಸ್ತಮಾ ಇದ್ದವರೇ ಬಹಳ. ಅಂದಿನಿಂದ, ತುರ್ತು ಉಪಚಾರದ ಏರ್ಪಾಡಿಲ್ಲದ ಕಡೆ ಈ ಸೂಜಿಯನ್ನು ಹಾಕಬಾರದೆಂಬ ನಿಯಮವು ಬಿಗಿಯಾಯಿತು. ಮೊದಲು ಅಲ್ಲಿ ಎರಡು ಗಂಟೆ ಕಾಯಬೇಕೆಂದಿದ್ದರು. ಈಗ ಅನೇಕ ದೇಶಗಳಲ್ಲಿ ಕನಿಷ್ಠ ಅರ್ಧ ಗಂಟೆ ಎಂಬುದು ರೂಢಿ. ಘೋರ ಪ್ರತಿಕ್ರಿಯೆಗಳು ಬಹುಪಾಲು ಆ ಅರ್ಧ ಗಂಟೆಯೊಳಗೇ ಬರುತ್ತವೆ. ಅಮೆರಿಕದ ಹಿಂದಿನ ಲೆಕ್ಕಗಳಂತೆ ಮರಣವು ಸುಮಾರು 20-25 ಲಕ್ಷ ಚುಚ್ಚುಮದ್ದುಗಳಿಗೆ ಒಂದು. ಅಪಾಯ ವಿರಳ, ಆದರೆ ವಿರಳವಾದುದು ನಮಗೆ ಬಾರದೆಂದು ಹೇಳುವವರಾರು?

ಆದುದರಿಂದ ನಮ್ಮ ಊರಿನವರು ಮರೆಯದೆ ಪಾಲಿಸಬೇಕಾದವು ಇವು. ಬಸ್ಸು ಹೋದೀತೆಂದು ಸೂಜಿ ಹಾಕಿಸಿಕೊಂಡೊಡನೆ ಎದ್ದು ಓಡಬಾರದು. ಅರ್ಧ ಗಂಟೆ ಅಲ್ಲಿಯೇ ಕುಳಿತಿರಬೇಕು. ಆಸ್ಪತ್ರೆಯಲ್ಲಿ ಅಡ್ರಿನಲಿನ್ ಸಿದ್ಧವಾಗಿದೆಯೇ ಎಂದು ಕೇಳಲು ಸಂಕೋಚಪಡಬಾರದು. ಘೋರ ಪ್ರತಿಕ್ರಿಯೆಗೆ ಮೊದಲ ಮದ್ದು ಅದೇ, ಮಾತ್ರೆಯಲ್ಲ. ಜ್ವರವಿದ್ದ ದಿನ, ದಮ್ಮು ಹೆಚ್ಚಿರುವ ದಿನ ಸೂಜಿ ಹಾಕಿಸಿಕೊಳ್ಳಬಾರದು. ಆ ದಿನ ಸೂಜಿಯ ಮುನ್ನ ಹಿಂದೆ ಕೆಲವು ಗಂಟೆ ಭಾರಿ ದುಡಿಮೆ ಬೇಡ. ರಕ್ತದ ಒತ್ತಡಕ್ಕೆ, ಹೃದಯಕ್ಕೆ ಮಾತ್ರೆ ನುಂಗುವವರು ಅದನ್ನು ತಿಳಿಸಬೇಕು. ಅವುಗಳಲ್ಲಿ ಬೀಟಾ ಬ್ಲಾಕರ್ ಎಂಬ ಜಾತಿಯವು ಅಡ್ರಿನಲಿನ್ನಿನ ಕೆಲಸಕ್ಕೆ ಅಡ್ಡಬರುತ್ತವೆ. ಗರ್ಭಿಣಿಯರಿಗೆ ಹೊಸದಾಗಿ ತೊಡಗಿಸುವುದಿಲ್ಲ. ಮೊದಲೇ ನಡೆಯುತ್ತಿದ್ದರೆ ವೈದ್ಯರ ಸಲಹೆಯಂತೆ ಮುಂದುವರಿಸಬಹುದು. ಸಾಮಾನ್ಯವಾಗಿ ಐದು ವರ್ಷಕ್ಕಿಂತ ಚಿಕ್ಕ ಮಕ್ಕಳಿಗೆ ಪ್ರಾರಂಭಿಸುವುದಿಲ್ಲ. ಸಾರದ ಸೀಸೆಯನ್ನು 2ರಿಂದ 8 ಅಂಶಗಳ ತಂಪಿನಲ್ಲಿಡಬೇಕು, ಹೆಪ್ಪುಗಟ್ಟಿಸಬಾರದು. ಬಿಸಿಲಿನಲ್ಲಿ ಚೀಲದೊಳಗಿಟ್ಟು ತಂದು ಮನೆಯಲ್ಲಿ ಯಾರ ಕೈಯಿಂದಲೋ ಚುಚ್ಚಿಸಿಕೊಳ್ಳುವುದು ಸಾಹಸವಲ್ಲ, ಅವಿವೇಕ. ಸೂಜಿ ನಡೆಯುತ್ತಿದೆಯೆಂದು ಎಳೆದುಕೊಳ್ಳುವ ಅಸ್ತಮಾ ಔಷಧವನ್ನು ತಾವಾಗಿಯೇ ನಿಲ್ಲಿಸಲೂ ಬಾರದು.

ಎಲ್ಲರಿಗೂ ಈ ಸೂಜಿ ಬೇಕೆಂದು ನಾನು ಹೇಳುತ್ತಿಲ್ಲ. ಅನೇಕರಿಗೆ ಮೂಗಿಗೆ ಸಿಂಪಡಿಸುವ ಔಷಧ, ಮಾತ್ರೆ, ರಾಶಿಯ ವೇಳೆ ಮೂಗಿಗೆ ಬಟ್ಟೆ, ಹಾಸಿಗೆಗೆ ಬಿಸಿಲು, ಅಂಗಳದ ಕಳೆಯನ್ನು ಹೂವಾಗುವ ಮೊದಲೇ ಕೀಳುವುದು ಇಷ್ಟೇ ಸಾಕು. ಇವುಗಳಿಂದ ತಗ್ಗದವರಿಗೆ, ಕಾರಣವು ಪರೀಕ್ಷೆಯಿಂದ ಖಚಿತವಾದವರಿಗೆ, ವರ್ಷಗಟ್ಟಲೆ ತಪ್ಪದೆ ಹೋಗಿಬರಲು ಶಕ್ತರಾದವರಿಗೆ ಇದು ಒಳ್ಳೆಯ ದಾರಿ. ಕೂಲಿಯ ದಿನವನ್ನು ಬಿಟ್ಟು ಬೇರೆ ಊರಿಗೆ ಹೋಗಬೇಕಾದವರಿಗೆ ಇದು ಸುಲಭವಲ್ಲವೆಂಬುದನ್ನು ಬಲ್ಲೆ. ಅದಕ್ಕಾಗಿಯೇ ಪ್ರಾರಂಭಿಸುವ ಮೊದಲು ಖರ್ಚನ್ನೂ ದಿನಗಳನ್ನೂ ಲೆಕ್ಕಹಾಕಿ ನಿರ್ಧರಿಸುವುದು ಒಳ್ಳೆಯದು; ಹಿಡಿದು ಬಿಡುವುದಕ್ಕಿಂತ ಹಿಡಿಯದಿರುವುದೇ ಲೇಸು.

ಹನಿಗೂಡಿದರೆ ಹಳ್ಳವೆಂದು ನಮ್ಮ ಹಿರಿಯರು ಹೇಳಿದ್ದಾರೆ. ನೂನನು 1911ರಲ್ಲಿ ಹತ್ತು ಲಕ್ಷದಲ್ಲೊಂದು ಭಾಗದಿಂದ ತನ್ನ ಎಣಿಕೆಯನ್ನು ಪ್ರಾರಂಭಿಸಿದನು. ನೂರು ವರ್ಷಗಳು ಕಳೆದರೂ ಆ ಎಣಿಕೆಗೆ ಅಡ್ಡದಾರಿ ಸಿಕ್ಕಿಲ್ಲ. ಸಿದ್ಧಾಂತಗಳು ಬದಲಾದವು, ಸಾರಗಳು ಶುದ್ಧವಾದವು, ನಾಲಗೆಯ ಕೆಳಗೆ ಇಡುವ ಹನಿ, ಮಾತ್ರೆಗಳೂ ಬಂದವು. ಅಲ್ಪದಿಂದ ತೊಡಗಿ ಬಹುಕಾಲ ಸಹನೆಯಿಂದ ನಡೆಯಬೇಕೆಂಬ ಮೂಲ ನಿಯಮವು ಮಾತ್ರ ಹಾಗೆಯೇ ಉಳಿದಿದೆ. ಅದನ್ನು ಒಪ್ಪಿಕೊಂಡು ಹೋಗುವವನಿಗೆ ಈ ಸೂಜಿಯು ಮೋಸ ಮಾಡುವುದು ಕಡಿಮೆ.